ಇನ್‌ಸ್ಪೆಕ್ಟರಿಗೆ ಭೂತಕಾಲ

ಶಿರಾದ ಮಿಡ್ಲ್ ಸ್ಕೂಲಿನಲ್ಲಿ ನಾನು ಇಂಗ್ಲಿಷಿನ ಭೂತಕಾಲ ಹೇಳಿಕೊಡುತ್ತಿದ್ದಾಗ ಇನ್‌ಸ್ಪೆಕ್ಟರು ಬಂದರು. ಬಳೆ ಅಂಗಡಿ ಸಾಬರ ಮಗಳು ಜುಬೇದಾಳನ್ನು ಎಬ್ಬಿಸಿ, 'ನಿನ್ನೆ ನಾನು ಮೃಗಾಲಯಕ್ಕೆ ಹೋದೆ' ಅನ್ನುವ ಪುಸ್ತಕದ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳು ಅಂದರು.

"ನಾನು ಹೋಗಿಲ್ಲ ಸಾ."

"ಸುಮ್ನೆ ಹೇಳಮ್ಮ, ಪಾಠ ತಾನೆ?"

"ಹೋಗ್ದಲೆ ಹೋದೆ ಅಂತ ಹೆಂಗೆ ಹೇಳ್ಲಿ ಸಾ?"

ಸಾಹೇಬರಿಗೆ ರೇಗಿತು. "ಹಂಗಾದ್ರೆ ನಿನ್ನೆ ಏನು ಮಾಡ್ದೆ, ಅದನ್ನೇ ಹೇಳು."

ನೀವು ಬರ್ತೀರಿ ಅಂತ ನಿನ್ನೆಯೆಲ್ಲ ನೆಲ ಸಾರಿಸಿದೆವು, ತೋರಣ ಕಟ್ಟಿದೆವು, ಪಾಠ ನಡೆಯಲಿಲ್ಲ ಎಂದು ಜುಬೇದಾ ಒಳ್ಳೆ ಇಂಗ್ಲಿಷಿನಲ್ಲೇ ಹೇಳಿದಳು.

"ಏನ್ರೀ ಮೇಷ್ಟ್ರೇ ಇದು?"

"ಭೂತಕಾಲ ಸಾರ್," ಅಂದೆ. "ತಿದ್ದೋಕೆ ಒಂದು ತಪ್ಪೂ ಇಲ್ಲ."

ಬೇಸಿಗೆ ಹೊತ್ತಿಗೆ ನನ್ನನ್ನು ಪಾವಗಡಕ್ಕೆ ಎತ್ತಂಗಡಿ ಮಾಡಿದರು. ಅಲ್ಲೂ ಮೊದಲ ದಿನವೇ ಮಕ್ಕಳನ್ನು ಕೇಳಿದೆ: ನಿನ್ನೆ ಏನು ಮಾಡಿದಿರಿ?