ಸಹಿಗೆ ಮುಂಚೆ ಕುಡಿದ ಕಾಫಿ

ಬೆಳಗ್ಗೆ ಪಂಚಾಯಿತಿಯ ಅಟೆಂಡರ್ ನಂಜಪ್ಪ ಮನೆಗೆ ಬಂದು ಟೇಬಲ್ಲಿನ ಮೇಲೆ ಒಂದು ಫೈಲಿಟ್ಟು, "ಎಲ್ರೂ ಸೈನ್ ಹಾಕವ್ರೆ ಮೇಡಂ, ನಿಮ್ದೊಂದೇ ಬಾಕಿ" ಎಂದ. ಅವನಿಗೂ ನನಗೂ ತಟ್ಟೆಯಲ್ಲಿ ಕಾಫಿ ತಂದೆ. ಲೋಟಕ್ಕೆ ಕೈ ಹಾಕಿದವಳು ಚುರ್ ಎಂದದ್ದೇ ಬೆರಳು ಹಿಂದಕ್ಕೆಳೆದುಕೊಂಡೆ. ಬಿಸಿ ಸ್ಟೀಲ್ ಲೋಟವನ್ನು ಸೆರಗು ಸುತ್ತಿಕೊಳ್ಳದೆ ಹಿಡಿಯುವುದು ನನ್ನಿಂದ ಈ ಜನ್ಮದಲ್ಲಿ ಆಗಲಿಲ್ಲ. ಇಡೀ ಸರ್ವಿಸ್ ಸೀಮೆಸುಣ್ಣ ಹಿಡಿದು ಕಳೆದ ಬೆರಳು, ಅದರ ಯೋಗ್ಯತೆ ಅಷ್ಟೇ.

ಬೆರಳಿಗೆ ಉಫ್ ಎಂದು ಗಾಳಿ ಊದುತ್ತಾ ಕೂತವಳಿಗೆ ಪವಿತ್ರ ನೆನಪಾದಳು. ಅದು ಅವಳ ನಿಜವಾದ ಹೆಸರಲ್ಲ, ಮುಂದೆ ಬರುವ ಅವಳ ಮನೆಯವರ ಹೆಸರೂ ನಿಜದ್ದಲ್ಲ. ನಿಜವಾದದ್ದನ್ನು ನಾನು ಹೇಳುವುದಿಲ್ಲ, ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ನಿವೃತ್ತಿಯಾದ ಮೇಲೆ ನನ್ನನ್ನು ನಮ್ಮ ಪಂಚಾಯಿತಿಯ ಮಕ್ಕಳ ರಕ್ಷಣಾ ಸಮಿತಿಗೆ ಹಾಕಿದರು. ಮಗುವನ್ನು ಹೊಡೆಯುತ್ತಾರೆ, ಶಾಲೆ ಬಿಡಿಸಿದ್ದಾರೆ, ಸರಿಯಾಗಿ ಅನ್ನ ಹಾಕುವುದಿಲ್ಲ ಎಂದು ಯಾರಾದರೂ ದೂರು ಕೊಟ್ಟರೆ ಸಮಿತಿಯವರು ಹೋಗಿ ನೋಡಿ ವರದಿ ಬರೆಯಬೇಕು. ನಮ್ಮಲ್ಲಿ ಆ ವರದಿಯನ್ನು ಹೆಸರು ಬಿಟ್ಟು ಗ್ರಾಮಸಭೆಯಲ್ಲಿ ಓದುವ ರೂಢಿ ಇತ್ತು. ಊರಿನವರು ಪ್ರಶ್ನೆ ಕೇಳಬಹುದು ಎಂಬುದು ಅದರ ಉದ್ದೇಶ, ಆದರೆ ಯಾರೂ ಕೇಳುತ್ತಿರಲಿಲ್ಲ. ನನ್ನನ್ನು ಆರಿಸಿದ್ದಕ್ಕೆ ಕಾರಣ ನನ್ನ ಗುಂಡಗಿನ ಅಕ್ಷರ. ಸಹಿಯಂತೂ ಇನ್ನೂ ಚಂದ, ಕೊನೆಯಲ್ಲಿ ಒಂದು ಬಳ್ಳಿ ಸುತ್ತಿಸಿ ಬಿಡುತ್ತೇನೆ. ಇದು ಬಿಟ್ಟರೆ ಬೇರೆ ಅರ್ಹತೆ ನನಗೇನೂ ಕಾಣದು.

ನಮ್ಮದು ಶಿಡ್ಲಘಟ್ಟದ ಕಡೆಯ ಹಳ್ಳಿ. ಬೆಳಗಾದರೆ ಗಾಳಿಯಲ್ಲಿ ಬೇಯುವ ರೇಷ್ಮೆಗೂಡಿನ ವಾಸನೆ. ಗೌರಿಬಿದನೂರಿಂದ ಬರುವ ನನ್ನ ನಾದಿನಿ ಬಸ್ಸಿಳಿಯುತ್ತಲೇ ಮೂಗಿಗೆ ಸೆರಗು ಹಿಡಿದು, "ಹೆಂಗಿದೀರೋ ಇದ್ರಲ್ಲಿ" ಅನ್ನುತ್ತಾಳೆ. ನಾವು "ಯಾವುದ್ರಲ್ಲಿ" ಅನ್ನುತ್ತೇವೆ. ದಿನಾ ಮೂಗಿಗೆ ಬಡಿಯುವುದು ವಾಸನೆಯಾಗಿ ಉಳಿಯುವುದಿಲ್ಲ ನೋಡಿ, ಕಣ್ಣಿಗೆ ಬಡಿಯುವುದರ ಕಥೆಯೂ ಅದೇ ಎಂದು ಆಗ ನನಗೆ ಹೊಳೆದಿರಲಿಲ್ಲ.

ಪವಿತ್ರಳಿಗೆ ಆಗ ಹನ್ನೆರಡು ವರ್ಷ. ತಾಯಿ ಇಲ್ಲ, ತಂದೆಯ ಸುಳಿವಿಲ್ಲ, ದೊಡ್ಡಪ್ಪನ ಮನೆಯಲ್ಲಿ ಬೆಳೆಯುತ್ತಿದ್ದಳು. ದೊಡ್ಡಪ್ಪ ನಾರಾಯಣಪ್ಪನವರದು ಊರಲ್ಲಿ ಮರ್ಯಾದೆಯ ಮನೆ. ತೋಟ ಇದೆ, ಮನೆಯ ಹಿಂದೆ ಗೂಡಿನಿಂದ ನೂಲು ತೆಗೆಯುವ ಶೆಡ್ಡೂ ಇದೆ. ಹುಡುಗಿ ಮೂರು ತಿಂಗಳಿಂದ ಶಾಲೆಗೆ ಬಂದಿಲ್ಲ, ಮನೆಯಲ್ಲಿ ದುಡಿಸಿ ಹೊಡೆಯುತ್ತಾರಂತೆ ಎಂದು ಶಾಲೆಯ ದೂರು ಪೆಟ್ಟಿಗೆಯಲ್ಲಿ ಒಂದು ಚೀಟಿ ಬಿದ್ದಿತ್ತು.

ನಾವು ವಿಚಾರಣೆಗೆ ಹೋದೆವು. ಹೋಗುವ ಹಿಂದಿನ ದಿನ ನಾನೇ ಫೋನ್ ಮಾಡಿ, "ನಾಳೆ ಹತ್ತು ಗಂಟೆಗೆ ಬರ್ತೀವಿ ನಾರಾಯಣಪ್ಪನೋರೆ" ಎಂದೆ. ಹೇಳದೆ ಕೇಳದೆ ದೊಡ್ಡವರ ಮನೆಗೆ ನುಗ್ಗುವುದು ಸರಿಯೇ, ನೀವೇ ಹೇಳಿ. ನಾವು ನಾಲ್ಕು ಜನ ಸಮಿತಿಯವರು ಹೋದಾಗ ಜಮಖಾನ ಹಾಸಿತ್ತು, ಉಪ್ಪಿಟ್ಟು ಘಮಘಮ ಅನ್ನುತ್ತಿತ್ತು. ಹುಡುಗಿಗೆ ಎಣ್ಣೆ ಹಚ್ಚಿ ಜಡೆ ಹೆಣೆದು ಕನಕಾಂಬರ ಮುಡಿಸಿದ್ದರು. ತಲೆ ಬಗ್ಗಿಸಿಕೊಂಡು ಕಾಫಿ ತಂದುಕೊಟ್ಟಳು. ಹೆಸರೇನಮ್ಮ, ಎಷ್ಟನೇ ಕ್ಲಾಸು, ಹಾಡು ಬರುತ್ತಾ ಎಂದು ಕೇಳಿದೆವು. ಹೆಣ್ಣು ನೋಡುವ ಶಾಸ್ತ್ರ ಬಿಟ್ಟರೆ ಇನ್ನೊಬ್ಬರ ಮನೆಯ ಹುಡುಗಿಯನ್ನು ಕೂರಿಸಿ ಪ್ರಶ್ನೆ ಕೇಳುವ ಬೇರೆ ಕ್ರಮ ನಮಗ್ಯಾರಿಗೂ ಗೊತ್ತಿರಲಿಲ್ಲ.

ದೊಡ್ಡಮ್ಮ ಬಾಗಿಲ ಪಕ್ಕದಲ್ಲೇ ನಿಂತಿದ್ದರು. "ಹೊಟ್ಟೇಲಿ ಹುಟ್ಟಿಲ್ಲ ಅನ್ನೋದೊಂದೇ ಟೀಚರಮ್ಮ. ಸ್ಕೂಲಿಗೆ ಹೋಗೇ ಅಂದ್ರೆ ಅವಳೇ ಒಲ್ಲೆ ಅಂತಾಳೆ. ಅಲ್ವೇನೇ?"

"ಹ್ಞೂ" ಎಂದಳು ಹುಡುಗಿ.

ನಾಲ್ಕು ಬಿಸಿ ಲೋಟಗಳನ್ನು ತಟ್ಟೆಯಿಲ್ಲದೆ, ಬಟ್ಟೆಯಿಲ್ಲದೆ, ಬರಿಗೈಲಿ ತಂದಿದ್ದಳು. ನನ್ನ ಲೋಟವನ್ನು ನಾನು ಸೆರಗಿನಲ್ಲಿ ಸುತ್ತಿ ಹಿಡಿದು, ಬಂದ ಕೆಲಸ ಮರೆತು ನಕ್ಕೆ. "ಅಬ್ಬಾ, ಎಷ್ಟು ಗಟ್ಟಿ ಕೈಯಮ್ಮ ನಿಂದು" ಎಂದೆ. ಎಲ್ಲರೂ ನಕ್ಕರು. ಹುಡುಗಿ ಕೈಗಳನ್ನು ಲಂಗದ ಮಡಿಕೆಯೊಳಗೆ ಇಟ್ಟುಕೊಂಡಳು.

ಮನೆಗೆ ಬಂದು ಗುಂಡಗಿನ ಅಕ್ಷರದಲ್ಲಿ ಬರೆದೆ: "ಮನೆಗೆ ಭೇಟಿ ನೀಡಲಾಯಿತು. ಮಗು ಲವಲವಿಕೆಯಿಂದ ಇರುವುದು ಕಂಡುಬಂದಿತು. ಮನೆಯವರು ಆದರದಿಂದ ಸಹಕರಿಸಿದರು. ದೂರಿನಲ್ಲಿ ಸತ್ಯಾಂಶವಿಲ್ಲ." ಲವಲವಿಕೆ ಎಂಬ ಮಾತು ಹೊಳೆದಿದ್ದಕ್ಕೆ ಖುಷಿಯಾಗಿ ಅದನ್ನು ಇನ್ನೊಮ್ಮೆ ಓದಿಕೊಂಡೆ. ಬಳ್ಳಿ ಸುತ್ತಿಸಿ ಸಹಿ ಹಾಕಿದೆ.

ಆಮೇಲೆ ಗ್ರಾಮಸಭೆ ಬಂತು. ಹೆಸರು ಬಿಟ್ಟು ವರದಿ ಓದಿದೆ. ಕೊನೆಯ ಸಾಲಿನಲ್ಲಿ ಕೂತಿದ್ದ ಗಂಗುಲಮ್ಮ ಎದ್ದು ನಿಂತರು. ನೂಲು ತೆಗೆಯುವ ಕೆಲಸದಲ್ಲೇ ತಲೆ ನೆರೆಸಿಕೊಂಡ ಹೆಂಗಸು, ಅರ್ಧ ಕನ್ನಡ ಅರ್ಧ ತೆಲುಗು.

"ಏಮಮ್ಮಾ ಟೀಚರಮ್ಮ, ಒಂದು ಮಾತು. ಆ ಮಗು ಹೆಸ್ರು ನಾನೂ ಹೇಳಲ್ಲ, ನೀವೂ ಹೇಳ್ಬೇಡಿ. ಅದನ್ನ ಒಂಟಿಯಾಗಿ ಕೂರಿಸ್ಕೊಂಡು ಕೇಳಿದ್ರಾ?"

ನಾನು ಹಾಳೆ ನೋಡಿದೆ.

"ಹೋಗ್ಲಿ, ಅದರ ಕೈ ನೋಡಿದ್ರಾ?"

ಗಂಗುಲಮ್ಮ ತಮ್ಮ ಎರಡೂ ಕೈ ಎತ್ತಿ ಅಂಗೈ ನನ್ನ ಕಡೆ ತಿರುಗಿಸಿದರು. ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಕುದಿಯುವ ನೀರಿನಲ್ಲಿ ಬೇಯುವ ಗೂಡಿನಿಂದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ ಎತ್ತಬೇಕು, ದಿನವಿಡೀ. ಬೆರಳ ತುದಿ ಬೆಳ್ಳಗಾಗಿ ಸುಲಿದು, ಮತ್ತೆ ಚರ್ಮ ಬಂದು, ಮತ್ತೆ ಸುಲಿದು, ಕೊನೆಗೆ ಬಿಸಿ ತಾಗಿದ್ದೇ ಗೊತ್ತಾಗುವುದಿಲ್ಲ. ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ಎಣ್ಣೆ ಹಚ್ಚಿದ ಜಡೆ ನೋಡಿದೆ, ಕನಕಾಂಬರ ನೋಡಿದೆ, ನಾಲ್ಕು ಲೋಟ ಹಿಡಿದ ಬೆರಳು ನೋಡಿ ಶಹಬಾಸ್ ಅಂದು ಬಂದೆ.

ಮೊದಲ ಸಾಲಿನಲ್ಲಿ ನಾರಾಯಣಪ್ಪನವರು ಕೂತಿದ್ದರು. ಹೆಸರು ಹೇಳದಿದ್ದರೂ ಯಾರ ಮನೆಯ ಮಾತೆಂದು ಇಡೀ ಸಭೆಗೆ ಗೊತ್ತಾಗಿತ್ತು. ನೋಡಿದೆ ಎಂದುಬಿಟ್ಟರೆ ಮುಗಿಯಿತು, ಮನೆಗೆ ಹೋಗಬಹುದು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಈಗ ಇಲ್ಲಿ ಸುಳ್ಳು ಹೇಳಿದರೆ ಆ ಹುಡುಗಿಯನ್ನು ಕೇಳಲು ಇನ್ಯಾರೂ ಹೋಗುವುದಿಲ್ಲ ಎಂದು ಭಯವಾಯಿತು.

"ನೋಡ್ಲಿಲ್ಲ ಗಂಗುಲಮ್ಮ" ಎಂದೆ. "ವರದಿ ವಾಪಸ್ ತಗೋತೀನಿ."

ಮಾರನೇ ದಿನ ಫೋನ್ ಮಾಡದೆ ಹೋದೆವು. ತಾಲ್ಲೂಕಿನಿಂದ ಒಬ್ಬ ಅಧಿಕಾರಿಣಿಯನ್ನೂ ಕರೆಸಿಕೊಂಡಿದ್ದೆವು. ಪವಿತ್ರ ಹಿಂದಿನ ಶೆಡ್ಡಿನಲ್ಲಿ ಕುದಿಯುವ ತೊಟ್ಟಿಯ ಮುಂದೆ ಕೂತಿದ್ದಳು. ಬೆನ್ನ ಮೇಲೆ ಬಾಸುಂಡೆಗಳಿದ್ದವು. ಒಂಟಿಯಾಗಿ ಕೂರಿಸಿಕೊಂಡು ಕೇಳಿದಾಗ ಅರ್ಧ ಗಂಟೆ ಮಾತಾಡಿದಳು. ಎಲ್ಲ ಮುಗಿದ ಮೇಲೆ ನಾನು, "ಅವತ್ತೇ ಯಾಕೆ ಹೇಳ್ಲಿಲ್ಲಮ್ಮ?" ಎಂದೆ. ಕೇಳಬಾರದಿತ್ತು.

"ನೀವು ಕೇಳ್ಲಿಲ್ಲ ಟೀಚರ್" ಎಂದಳು. ಆಮೇಲೆ ತನ್ನ ಬೆರಳು ನೋಡಿಕೊಳ್ಳುತ್ತಾ, "ಕೈ ಗಟ್ಟಿ ಅಂದ್ರಿ" ಎಂದಳು.

ಅವಳೀಗ ಚಿಂತಾಮಣಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ವರ್ಷಕ್ಕೆ ಎರಡು ಮೂರು ಸಲ ಹೋಗಿ ನೋಡಿ ಬರುತ್ತೇನೆ. ಹೋದಾಗಲೆಲ್ಲ ಮೊದಲು ಅವಳ ಕೈ ನೋಡುತ್ತೇನೆ. "ಸಾಕು ಬಿಡಿ ಟೀಚರ್" ಎಂದು ನಾಚಿಕೊಳ್ಳುತ್ತಾಳೆ. ನಾರಾಯಣಪ್ಪನವರ ಮನೆಯವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಎದುರಿಗೆ ಸಿಕ್ಕರೆ ನಾನು ಇವತ್ತಿಗೂ ಪಕ್ಕದ ಓಣಿಗೆ ತಿರುಗಿಬಿಡುತ್ತೇನೆ, ನಿಮ್ಮ ಹತ್ತಿರ ಮುಚ್ಚಿಡುವುದೇನು.

"ಮೇಡಂ, ಕಾಫಿ ಆರ್ತಾ ಐತೆ" ಎಂದ ನಂಜಪ್ಪ. ನಾನು ಫೈಲು ಬಿಡಿಸಿದೆ. ಪಕ್ಕದ ಹಳ್ಳಿಯ ಒಂದು ಗಂಡು ಮಗುವಿನ ವಿಷಯ, ಆರು ವರ್ಷ, ಮಲತಾಯಿ. ಕೆಳಗೆ ಕಂಪ್ಯೂಟರಿನಲ್ಲಿ ನೀಟಾಗಿ ಹೊಡೆದಿದ್ದರು: "ಮಗು ಲವಲವಿಕೆಯಿಂದ ಇರುವುದು ಕಂಡುಬಂದಿತು. ಮನೆಯವರು ಆದರದಿಂದ ಸಹಕರಿಸಿದರು."

"ಇದನ್ನ ಯಾರಪ್ಪ ಬರೆದಿದ್ದು?"

"ನೀವೇ ಅಲ್ವಾ ಮೇಡಂ" ಎಂದು ನಂಜಪ್ಪ ನಕ್ಕ. "ನಿಮ್ಮ ಹಳೇ ರಿಪೋರ್ಟು ಚೆನ್ನಾಗಿತ್ತು ಅಂತ ಆಪೀಸ್ನಲ್ಲಿ ಮಾದರಿ ಇಟ್ಕೊಂಡವ್ರೆ. ಬೇರೆ ಹಳ್ಳಿ ರಿಪೋರ್ಟಿಗೆ ನಿಮ್ಮ ಸೈನ್ ಕೇಳ್ತಿರೋದು ಇದೇ ಮೊದ್ಲು, ಅವಕ್ಕೆಲ್ಲಾ ಅದನ್ನೇ ಹಾಕ್ತಾರೆ. ಹೆಸ್ರು ಮಾತ್ರ ಬದ್ಲಾಯ್ಸೋದು."

ವಾಪಸ್ ತೆಗೆದುಕೊಂಡೆ ಎಂದುಕೊಂಡಿದ್ದೆ. ಇಷ್ಟು ವರ್ಷ ಅದು ಎಷ್ಟು ಮನೆ ಸುತ್ತಿತೋ, ಅದರ ಕೆಳಗೆ ಎಷ್ಟು ಮಕ್ಕಳು ಸುಮ್ಮನೆ ನಿಂತಿದ್ದರೋ.

"ಈ ಮಗೂನ ನೋಡಿದೋರು ಯಾರು ನಂಜಪ್ಪ?"

"ಹೋದೋರು ನೋಡಿರ್ತಾರೆ, ಬಿಡಿ."

ನಾನೆದ್ದು ಚಪ್ಪಲಿ ಮೆಟ್ಟಿಕೊಂಡೆ. ಅವನೂ ಗಾಬರಿಯಿಂದ ಎದ್ದ. "ಎಲ್ಲಿಗೆ ಮೇಡಂ? ಆ ಮನೆಗಾ? ತಡೀರಿ, ಒಂದು ಫೋನ್ ಹಾಕಿ ಹೇಳ್ತೀನಿ, ಕಾಫಿ ಗೀಫಿ ಮಾಡಿರ್ತಾರೆ."

"ಬೇಡ" ಎಂದೆ. "ಗಾಡಿ ತೆಗಿ."