ಅತ್ತಿ ಕಲಿಸಿದ ರೋಧದ ಲೆಕ್ಕ

ಕಾದ ತಂತಿಯ ಮೇಲೆ ಧೂಳು ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಕಣ್ಣ ಮುಂದೆ ಮಹಾರಾಷ್ಟ್ರದ ಇಚಲಕರಂಜಿಯ ಆ ಒಂದೇ ಖೋಲಿ ಬಂದು ನಿಲ್ಲುತ್ತದೆ. ಮಗ್ಗದ ಶೆಡ್ಡಿನ ಹಿಂಗೋಡೆಗೆ ಆತುಕೊಂಡಿದ್ದ ತಗಡಿನ ಮನೆ. ಅಪ್ಪ ಆ ಶೆಡ್ಡಿನಲ್ಲೇ ಕೂಲಿಗೆ ಪಾವರ್‌ಲೂಮ್ ನಡೆಸುತ್ತಿದ್ದ; ಖೋಲಿಯೂ ಶೆಡ್ಡಿನ ಮಾಲಕನದೇ. ಮಗ್ಗಗಳ ಹೊಡೆತಕ್ಕೆ ನಮ್ಮ ನೀರಿನ ತಂಬಿಗೆಯೂ ಸಣ್ಣಗೆ ನಡುಗುತ್ತಿತ್ತು. ಹತ್ತಿಯ ಎಳೆ ಹಾರಿ ಬಂದು ಅನ್ನದ ಮೇಲೆ, ಹಾಸಿಗೆಯ ಮೇಲೆ, ಕರೆಂಟಿನ ಒಲೆಯಾದ ಶೇಗಡಿಯ ಮೇಲೆ ಕೂರುತ್ತಿತ್ತು. ಗುಂಡಿ ಒತ್ತಿದೊಡನೆ ಸುರುಳಿ ತಂತಿ ಕೆಂಪಾಗಿ ಎಳೆಗಳು ಚುರ್ರೆಂದು ಸುಡುತ್ತಿದ್ದವು. ಕಿಟಕಿಯಿಲ್ಲದ ಖೋಲಿ, ಆ ವಾಸನೆ ನಮ್ಮ ಕೂದಲಲ್ಲೇ ಉಳಿದುಬಿಡುತ್ತಿತ್ತು.

ಶೇಗಡಿಯ ಮುಂದೆ ಕೂತಿರುತ್ತಿದ್ದವಳು ಅಪ್ಪನ ತಂಗಿ, ಕಸ್ತೂರಿ ಅತ್ತಿ. ಗಡಹಿಂಗ್ಲಜದ ಗಂಡನ ಮನೆಯಲ್ಲಿ ಅವಳನ್ನು ಹೊಡೆದು, ಖೋಲಿಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದರಂತೆ. ತಪ್ಪಿಸಿಕೊಂಡು ನಮ್ಮಲ್ಲಿಗೆ ಬಂದಿದ್ದಳು. ಮಂದಿಗೆ ಅಂಜಿ ಅಪ್ಪನೂ ಅವಳನ್ನು ಓಣಿ ದಾಟಲು ಬಿಡುತ್ತಿರಲಿಲ್ಲ. ಅವಳು ಓದಿದ್ದು ಕನ್ನಡ ಶಾಲೆಯಲ್ಲಿ, ನಾನು ಮರಾಠಿ ಶಾಲೆಯ ಹತ್ತನೆಯ ತರಗತಿ. ನನ್ನ ಪುಸ್ತಕ ನೋಡಿ ಒಮ್ಮೆ ನಕ್ಕಳು. "ನೋಡ ಸುಮಿ, ನಿಮ್ಮ ಮರಾಠಿಯೊಳಗೂ ರೋಧ, ನಮ್ಮ ಕನ್ನಡದಾಗೂ ರೋಧ. ಕರೆಂಟ್ ಹರಿಯೂದನ್ನ ತಡಿಯೂದು." ನಮ್ಮ ಶೇಗಡಿ ಐದು ಆಂಪಿಯರ್ ಎಳೆಯುತ್ತದೆಂದು ವೈರ್‌ಮನ್ ಅಳೆದು ಹೇಳಿದ್ದ. ಅದನ್ನೇ ಹಿಡಿದು ಲೆಕ್ಕ ಹೇಳಿಕೊಟ್ಟಳು: "ಇನ್ನೂರಾ ಮೂವತ್ತು ವೋಲ್ಟನ್ನ ಐದರಿಂದ ಭಾಗಿಸು. ನಲವತ್ತಾರು ಓಮ್, ಅದು ರೋಧ. ಗುಣಿಸಿದ್ರ ಸಾವಿರದ ನೂರಾ ಐವತ್ತು ವ್ಯಾಟ್, ಅದು ಶಕ್ತಿ." ಹಾಗೆ ಹೇಳುವಾಗ ಅವಳ ಮುಖ ಬೇರೆಯೇ ಆಗುತ್ತಿತ್ತು. ಐಟಿಐ ಸೇರಿ ವೈರಿಂಗ್ ಕಲಿಯುತ್ತೇನೆಂದು ಅಪ್ಪನನ್ನು ಕೇಳಿದ್ದಳು. ಅಪ್ಪ ಉಣ್ಣುತ್ತಲೇ ಇದ್ದ.

ಆ ಚಳಿಗಾಲ ಶೇಗಡಿಯ ಸುರುಳಿ ತಂತಿ ಸುಟ್ಟು ತುಂಡಾಯಿತು. ಸುಟ್ಟ ತುಂಡು ತೆಗೆದು ಜೋಡಿಸಲು ಅಪ್ಪ ಹೇಳಿದ. ಅತ್ತಿ ಜೋಡಿಸಿದಳು, ಆದರೆ ಎಚ್ಚರಿಸಿದಳು: "ತಂತಿ ಗಿಡ್ಡ ಆಗೇತಿ ಅಣ್ಣಾ. ರೋಧ ಕಡಿಮಿ ಆತು, ಕರೆಂಟ್ ಹೆಚ್ಚು ಎಳೀತೈತಿ. ಫ್ಯೂಜ್ ತಡಿಯಂಗಿಲ್ಲ, ಹೊಸಾ ಕಾಯಿಲ್ ತಗೊಂಡ ಬಾ."

"ನೋಡೂನು," ಅಂದ ಅಪ್ಪ.

ಮರುದಿನ ಮುಂಜಾನೆ ನೀರು ಕಾಯಿಸಲು ಇಟ್ಟಾಗ ಫ್ಯೂಜ್ ಹೋಯಿತು. ನಮ್ಮ ಲೈನ್ ಶೆಡ್ಡಿನದೇ ಆದ್ದರಿಂದ ಅಲ್ಲಿನ ದೀಪಗಳೂ ಆರಿ ಕೆಲಸ ನಿಂತಿತು. ಮಾಲಕ ಬಾಗಿಲಿಗೆ ಬಂದು ಮರಾಠಿಯಲ್ಲಿ ಬೈದ. ಯಾಕೆ ಹೀಗಾಯಿತೆಂದು ಅತ್ತಿ ಹೇಳಹೋದಳು. "ನೀ ಬಾಯಿ ಮುಚ್ಚ!" ಎಂದು ಅಪ್ಪ ಕೂಗಿದ. ಖೋಲಿ ಬಿಡಿಸುತ್ತೇನೆಂದು ಮಾಲಕ ಗದರಿಸಿ ಹೋದ ಮೇಲೆ, ಅಪ್ಪ ಯಾರ ಮುಖವನ್ನೂ ನೋಡದೆ, ಅತ್ತಿಯನ್ನು ಕರೆದೊಯ್ಯಿರೆಂದು ಗಡಹಿಂಗ್ಲಜಕ್ಕೆ ಫೋನ್ ಹಚ್ಚಿದ. ಖೋಲಿ ಉಳಿಸಿಕೊಳ್ಳಲು ಅವನಿಗೆ ಸಿಕ್ಕದ್ದು ಅದೊಂದೇ ದಾರಿ, ಅಥವಾ ಅದೊಂದೇ ನೆಪ.

ಸಂಜೆಗೆ ಗಂಡ ಬಂದ. ಅವ್ವ ಅತ್ತಿಯ ತಲೆ ಬಾಚುತ್ತಿದ್ದಳು. "ವೈನಿ, ನೀವರೆ ಒಂದ್ ಮಾತು ಹೇಳ್ರಿ," ಎಂದಳು ಅತ್ತಿ ಅವ್ವನಿಗೆ. ಅವ್ವ ಹೆಣಲನ್ನು ಬಿಗಿದು ಕಟ್ಟಿ ಮುಗಿಸಿದಳು. ಶೆಡ್ಡುಗಳ ನಡುವಿನ ಓಣಿಯಲ್ಲಿ ಗಂಡನ ಹಿಂದೆ ನಡೆಯುತ್ತ ಅತ್ತಿ ಒಮ್ಮೆ ತಿರುಗಿ ನನಗೆ ಏನೋ ಹೇಳಿದಳು. ತುಟಿ ಅಲುಗಿದ್ದು ಕಂಡಿತು. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ.

ಅವಳು ಮತ್ತೆ ಬರಲಿಲ್ಲ. ಕೆಲವು ವರ್ಷಗಳಲ್ಲಿ ಅವಳು ತೀರಿಕೊಂಡ ಸುದ್ದಿ ಬಂತು. ಜ್ವರ ಅಂದರು, ನಾವು ಹೆಚ್ಚು ಕೇಳಲಿಲ್ಲ. ಈಗ ಆ ಖೋಲಿಯಿಲ್ಲ, ಶೆಡ್ಡೂ ಇಲ್ಲ. ಹೋದ ತಿಂಗಳು ಆ ಓಣಿಯಲ್ಲಿ ನಿಂತಿದ್ದೆ. ಎಷ್ಟು ಮೌನವಾಗಿತ್ತೆಂದರೆ, ಯಾರಾದರೂ ಪಿಸುಗುಟ್ಟಿದ್ದರೂ ಕೇಳಿಸುತ್ತಿತ್ತು.