ಅಣ್ಣ ಕಿತ್ತಿಟ್ಟ ಬ್ಯಾಟರಿ

ಗೆಳೆಯರೇ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಮೊಳಕಾಲ್ಮುರಿನ ನಮ್ಮ ಮನೆಯ ಮಗ್ಗದ ಮೇಲೆ, ಹೊಗೆ ಬಂದರೆ ಕೂಗುವ ಬ್ಯಾಟರಿ ಅಲಾರಂ ಒಂದನ್ನು ಹೋದ ವಾರ ನಾನೇ ಹಾಕಿದ್ದೆ. ಇಂದು ಮಧ್ಯಾಹ್ನ ಪಕ್ಕದ ಸ್ವಿಚ್ ಬೋರ್ಡ್ ಹೊತ್ತಿಕೊಂಡಿತು. ಅಲಾರಂ ತುಟಿ ಬಿಚ್ಚಲಿಲ್ಲ. ಅಲ್ಲೇ ಮಲಗಿದ್ದ ಅವ್ವನ ಕೆಮ್ಮು ಕೇಳಿ ಹಿತ್ತಲಿನಿಂದ ಓಡಿ ಬಂದೆ. ಅವಳನ್ನು ಹೊರಗೆ ಕರೆತಂದು, ಮೇನ್ ಆಫ್ ಮಾಡಿ, ಬೆಂಕಿ ಆರಿಸಿದೆ. ಅವ್ವ ಉಳಿದಳು. ಅರ್ಧ ನೇಯ್ದ ರೇಷ್ಮೆ ಸೀರೆ ಕರಕಾಯಿತು. ಅಲಾರಂ ಬಿಚ್ಚಿದರೆ ಒಳಗೆ ಬ್ಯಾಟರಿಯೇ ಇಲ್ಲ!

ಸಂಜೆ ಪೇಟೆಯಿಂದ ಬಂದ ಅಣ್ಣನನ್ನು ಕೇಳಿದೆ.

"ನಾನೇ ತೆಗ್ದೆ ಕಣ್ಲೇ. ಒಗ್ಗರಣೆ ಹಾಕಿದ್ರೂ ಬಡ್ಕೊಳ್ತಿತ್ತು."

"ಅವ್ವ ಸತ್ತೋಗಿದ್ರೆ?" ಎಂದು ಕಿರುಚಿದೆ.

"ಸತ್ತಿಲ್ವಲ್ಲ. ನೀನ್ಯಾಕೆ ಹಂಗೆ ಬಡ್ಕೊಳ್ತೀಯಾ?"

ನಮ್ಮ ಮನೆಯಲ್ಲಿ ಬೆಂಕಿಯದ್ದು ತಪ್ಪಲ್ಲ ಸ್ವಾಮಿ, ಕೂಗಿದವರದ್ದೇ ತಪ್ಪು.